ಊರೊಟ್ಟಿನ ಚಿತ್ರಗಳು

ಊರೊಟ್ಟಿನ ಸ್ವತ್ತಿಗೆ ಊರಿನವರೆಲ್ಲರೂ ಕಾವಲುಗಾರರೆಂದು ಹೇಳುವುದು ವಾಡಿಕೆ. ಆದರೆ ಲೋಕದ ಅನುಭವವು ಬೇರೆಯೇ ಆಗಿರುವುದು. ಕೆರೆಯ ನೀರು ಎಲ್ಲರ ಗದ್ದೆಗೂ ಬೇಕು. ಹೂಳೆತ್ತುವ ದಿನ ಬಂದಾಗ ಮಾತ್ರ ಪ್ರತಿಯೊಬ್ಬನೂ ನೆರೆಯವನ ಮುಖವನ್ನು ನೋಡುವನು. ನಮ್ಮ ಹಿರಿಯರು ಇದನ್ನು ಅರಿತೇ ಕೆರೆಗೆ ನೀರಗಂಟಿಯೆಂಬ ಒಬ್ಬನನ್ನು ನೇಮಿಸಿ, ತೂಬಿನ ಹೊಣೆಯನ್ನು ಅವನಿಗೆ ವಹಿಸಿ, ಅವನ ಜೀವನಕ್ಕೆಂದು ಒಂದಿಷ್ಟು ಭೂಮಿಯನ್ನೂ ಬಿಟ್ಟುಕೊಡುತ್ತಿದ್ದರು. ಹತ್ತು ಜನರ ವಸ್ತುವು ಉಳಿಯಬೇಕಾದರೆ ಅದನ್ನು ತನ್ನದೆಂದು ತಿಳಿಯುವ ಒಬ್ಬನಾದರೂ ಇರಬೇಕೆಂಬುದೇ ಆ ಏರ್ಪಾಟಿನ ಮರ್ಮ. ಈ ಮಾತು ಕೆರೆ ಕಾಲುವೆಗಳಿಗೆ ಮಾತ್ರವಲ್ಲ, ನೆನಪಿಗೂ ಸಲ್ಲುವುದೆಂಬ ಸಂಗತಿಯು ನಮಗೆ ಮನದಟ್ಟಾದುದು ದೂರದ ಇಸ್ರೇಲ್ ದೇಶದ ಒಂದು ಹಳ್ಳಿಯಲ್ಲಿ, ಹಳೆಯ ಫಿಲ್ಮಿನ ಡಬ್ಬಿಗಳ ನಡುವೆ. ಅದನ್ನು ವಾಚಕರ ಮುಂದಿಡುವುದಕ್ಕಾಗಿ ಈ ನಾಲ್ಕು ಮಾತುಗಳು.

ಆ ಹಳ್ಳಿಗಳಿಗೆ ಕಿಬ್ಬುತ್ಸ್ ಎಂದು ಹೆಸರು. ಹೀಬ್ರೂ ಭಾಷೆಯಲ್ಲಿ ಅದಕ್ಕೆ ಕೂಟ, ಕೂಡಿಕೆ ಎಂದು ಅರ್ಥ. ಇವುಗಳಲ್ಲಿ ಮೊದಲನೆಯದಾದ ದೆಗಾನಿಯವು ೧೯೧೦ನೆಯ ಇಸವಿಯಲ್ಲಿ ಗಲಿಲೀ ಸರೋವರದ ದಕ್ಷಿಣ ತೀರದಲ್ಲಿ ಹುಟ್ಟಿತು. ರಷ್ಯಾದ ಸೀಮೆಯಿಂದ ಬಂದ ಕೆಲವು ಮಂದಿ ಯೆಹೂದ್ಯ ತರುಣ ತರುಣಿಯರು ಭೂಮಿ, ದುಡಿಮೆ, ಊಟ, ಹಣ ಎಲ್ಲವನ್ನೂ ಒಟ್ಟಾಗಿಟ್ಟುಕೊಂಡು ಅಲ್ಲಿ ನೆಲೆನಿಂತರು. ಅದೇ ೧೯೧೦ರಲ್ಲಿ ದಕ್ಷಿಣ ಆಫ್ರಿಕದ ಜೋಹಾನ್ಸ್‌ಬರ್ಗಿನ ಬಳಿ ಗಾಂಧೀಜಿಯವರು ಟಾಲ್‌ಸ್ಟಾಯ್ ಆಶ್ರಮವನ್ನು ತೆರೆದರೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿದ ವಿಷಯ. ಆ ಆಶ್ರಮಕ್ಕೆ ೧೧೦೦ ಎಕರೆ ನೆಲವನ್ನು ಬಿಟ್ಟುಕೊಟ್ಟವರು ಹರ್ಮನ್ ಕಾಲೆನ್‌ಬಾಖ್ ಎಂಬ ಯೆಹೂದ್ಯ ವಾಸ್ತುಶಿಲ್ಪಿ; ಗಾಂಧೀಜಿಯವರ ಆಪ್ತ ಮಿತ್ರರು. ೧೯೪೫ರಲ್ಲಿ ಅವರು ತೀರಿಕೊಂಡ ಮೇಲೆ ಅವರ ಅಸ್ಥಿಯನ್ನು ಇಟ್ಟುದು ಇದೇ ದೆಗಾನಿಯದಲ್ಲಿ. ಒಟ್ಟಿಗೆ ದುಡಿದು ಒಟ್ಟಿಗೆ ಉಣ್ಣಬೇಕೆಂಬ ಬಯಕೆಯು ಒಂದೇ ವರ್ಷದಲ್ಲಿ ಎರಡು ಖಂಡಗಳಲ್ಲಿ ಮೊಳೆತು, ಒಬ್ಬ ಮನುಷ್ಯನ ಬಾಳಿನಲ್ಲಿ ಹೀಗೆ ಸಂಧಿಸಿತು.

ಕಿಬ್ಬುತ್ಸಿನ ಸಂಸಾರವನ್ನು ನಮ್ಮ ಗೃಹಿಣಿಯರು ಊಹಿಸಿಕೊಳ್ಳುವುದು ಸುಲಭವಲ್ಲ. ಅಲ್ಲಿ ಮನೆಗೊಂದು ಒಲೆಯಿರಲಿಲ್ಲ. ಊರಿಗೆಲ್ಲ ಒಂದೇ ಪಾಕಶಾಲೆ, ಒಂದೇ ಭೋಜನಶಾಲೆ. ಬಟ್ಟೆಯೂ ಒಂದೇ ಉಗ್ರಾಣದಿಂದ ಬರುತ್ತಿತ್ತು. ಒಗೆಯುವ ಮನೆಯಲ್ಲಿ ಒಬ್ಬರ ಅಂಗಿಯು ಇನ್ನೊಬ್ಬರಿಗೆ ಹೋಗದಂತೆ ಸದಸ್ಯರಿಗೆ ಒಂದೊಂದು ಸಂಖ್ಯೆಯನ್ನು ಕೊಟ್ಟು ಅದನ್ನು ಬಟ್ಟೆಗೆ ಹೊಲಿಯುತ್ತಿದ್ದರು. ನಮ್ಮಲ್ಲಿ ಅಗಸನು ಹಾಕುವ ಗುರುತಿನಂತೆಯೇ ಅದು. ಇವೆಲ್ಲಕ್ಕಿಂತ ವಿಚಿತ್ರವಾದುದು ಮಕ್ಕಳ ಏರ್ಪಾಟು. ಬಹುಪಾಲು ಕಿಬ್ಬುತ್ಸ್‌ಗಳಲ್ಲಿ ಮಕ್ಕಳು ತಂದೆತಾಯಿಗಳ ಮನೆಯಲ್ಲಿ ಮಲಗುತ್ತಿರಲಿಲ್ಲ. ಮಕ್ಕಳ ಮನೆಯೆಂಬ ಪ್ರತ್ಯೇಕ ಕಟ್ಟಡದಲ್ಲಿ ಸಮವಯಸ್ಕರೊಡನೆ ಬೆಳೆದು, ಸಂಜೆ ಕೆಲವು ಗಂಟೆ ಮಾತ್ರ ತಂದೆತಾಯಿಗಳ ಬಳಿಗೆ ಹೋಗಿ ಬರುತ್ತಿದ್ದರು. ಈ ಪದ್ಧತಿಯು ೧೯೯೦ರ ದಶಕದ ಕೊನೆಯ ಹೊತ್ತಿಗೆ ಎಲ್ಲೆಡೆಯೂ ನಿಂತುಹೋಯಿತು.

ಇಂತಹ ಊರುಗಳಿಗೆ ಚಲಚ್ಚಿತ್ರದ ಕ್ಯಾಮರಾ ಬಂದುದು ಹೇಗೆಂಬುದನ್ನು ನೋಡೋಣ. ಮನೆಯವರು ತಾವೇ ಬಳಸಬಹುದಾದ ೧೬ ಮಿಲಿಮೀಟರ್ ಅಗಲದ ಫಿಲ್ಮನ್ನು ಕೊಡಕ್ ಕಂಪನಿಯು ೧೯೨೩ರಲ್ಲಿ ಮಾರಾಟಕ್ಕೆ ತಂದಿತು. ಇನ್ನೂ ಅಗ್ಗವಾದ ೮ ಮಿಲಿಮೀಟರ್ ಫಿಲ್ಮು ೧೯೩೨ರಲ್ಲಿ ಬಂದಿತು. ೧೯೩೩ರ ತರುವಾಯ ಹಿಟ್ಲರನ ಜರ್ಮನಿಯಿಂದ ಓಡಿಬಂದವರಲ್ಲಿ ಕೆಲವರು ಬಟ್ಟೆಬರೆಗಳೊಡನೆ ಕ್ಯಾಮರಾವನ್ನೂ ಹೊತ್ತು ತಂದರು. ಪರದೇಶದ ಬಂಧುಗಳು ಒಬ್ಬನಿಗೆ ಉಡುಗೊರೆಯಾಗಿ ಕಳುಹಿಸಿದ ವಸ್ತುವೂ ಕಿಬ್ಬುತ್ಸಿನ ನಿಯಮದ ಪ್ರಕಾರ ಎಲ್ಲರದೇ ಆಗಬೇಕು. ಹೀಗೆ ಕ್ಯಾಮರಾ ಊರಿನದು, ಫಿಲ್ಮು ಊರಿನದು. ತೆಗೆಯುವವನು ಮಾತ್ರ ಹಸು ಕರೆಯುವವನೋ ಕಿತ್ತಳೆಯ ತೋಟದವನೋ, ಆ ಕೆಲಸದಲ್ಲಿ ಒಂದಿಷ್ಟು ಕೈ ಪಳಗಿದವನು. ಆ ಕಾಲದಲ್ಲಿ ಯೆಹೂದ್ಯ ನಿಧಿಸಂಸ್ಥೆಗಳು ಹೊರದೇಶಗಳಲ್ಲಿ ತೋರಿಸಿ ಹಣ ಕೂಡಿಸುವುದಕ್ಕಾಗಿ ಪರಿಣತರಿಂದ ಮಾಡಿಸಿದ ಚಿತ್ರಗಳು ಬೇರೆ, ಇವು ಬೇರೆ. ಅವುಗಳಲ್ಲಿ ನೇಗಿಲು ಹಿಡಿದವನು ಒಂದು ಜನಾಂಗದ ಪ್ರತಿಮೆಯಾಗಿ ನಿಲ್ಲುವನು. ಇವುಗಳಲ್ಲಿ ಅವನು ಕ್ಯಾಮರಾದವನನ್ನು ನೋಡಿ ಹಲ್ಲುಕಿರಿದು, ನಾಲಗೆ ಚಾಚಿ, ಹೋಗು ಎಂದು ಕೈಬೀಸುವನು. ಬೆಳೆಯ ಹಬ್ಬ, ಮದುವೆ, ಹೊಸ ಟ್ರಾಕ್ಟರು, ಮಕ್ಕಳ ಸ್ನಾನ ಇವೇ ಇವುಗಳ ವಸ್ತು. ಭೋಜನಶಾಲೆಯ ಗೋಡೆಗೆ ಬಿಳಿಯ ಬಟ್ಟೆ ಕಟ್ಟಿ ಇವನ್ನು ತೋರಿಸಿದಾಗ ಊರೇ ತನ್ನನ್ನು ತಾನು ನೋಡಿ ನಕ್ಕಿರಬೇಕು.

ಈ ಸುರುಳಿಗಳು ಎಷ್ಟು ಕೋಮಲವಾದ ವಸ್ತುಗಳೆಂಬುದನ್ನು ಹೇಳದಿದ್ದರೆ ಮುಂದಿನ ಮಾತು ತಿಳಿಯಲಾರದು. ಚಿತ್ರಮಂದಿರದ ಸಿನಿಮಾಕ್ಕೆ ಮೂಲವೊಂದಿದ್ದು ಅದರಿಂದ ನೂರಾರು ಪ್ರತಿಗಳನ್ನು ತೆಗೆಯುವರು. ಹವ್ಯಾಸಿಗಳ ಫಿಲ್ಮು ಸಾಮಾನ್ಯವಾಗಿ ಹಾಗಲ್ಲ. ಕ್ಯಾಮರಾದೊಳಗೆ ಓಡಿದ ಪಟ್ಟಿಯನ್ನೇ ತೊಳೆದು, ಅದರ ಮೇಲೆಯೇ ನೇರವಾದ ಚಿತ್ರವನ್ನು ಬರಿಸಿ, ಅದನ್ನೇ ಯಂತ್ರದಲ್ಲಿ ಓಡಿಸಿ ನೋಡುವುದು. ಬಿಸಿಲಿನಲ್ಲಿ ನಿಂತ ಮಗುವಿನ ಮೈಯಿಂದ ಹೊರಟ ಬೆಳಕು ಯಾವ ಪಟ್ಟಿಯನ್ನು ಮುಟ್ಟಿತೋ ಆ ಪಟ್ಟಿಯೊಂದೇ ಜಗತ್ತಿನಲ್ಲಿರುವ ಪ್ರತಿ. ೧೬ ಮಿಲಿಮೀಟರಿನ ೧೦೦ ಅಡಿಯ ಒಂದು ಸುರುಳಿಯಲ್ಲಿ ೪೦೦೦ ಬಿಡಿಚಿತ್ರಗಳಿರುವುವು. ಮೂಕಚಿತ್ರಗಳ ವೇಗದಲ್ಲಿ, ಎಂದರೆ ಸೆಕೆಂಡಿಗೆ ೧೬ರಂತೆ ಓಡಿಸಿದರೆ ಅದು ನಾಲ್ಕು ನಿಮಿಷದಲ್ಲಿ ಮುಗಿಯುವುದು. ಒಂದು ಹಬ್ಬಕ್ಕೆ ನಾಲ್ಕು ನಿಮಿಷ. ಒಂದು ಬಾಲ್ಯಕ್ಕೆ ಬಹುಶಃ ಹತ್ತು ಸೆಕೆಂಡು.

ಫಿಲ್ಮಿನ ಪಟ್ಟಿಯನ್ನು ಅಸಿಟೇಟ್ ಎಂಬ ದ್ರವ್ಯದಿಂದ ಮಾಡುತ್ತಿದ್ದರು. ಬೆಂಕಿಗೆ ಅದು ಅಷ್ಟು ಬೇಗ ಸಿಕ್ಕುವುದಿಲ್ಲವಾದುದರಿಂದ ಮನೆಗಳಿಗೆ ಕ್ಷೇಮವೆಂದು ಎಣಿಸಿದ್ದರು. ಆದರೆ ಅದಕ್ಕೆ ಬೇರೊಂದು ಶತ್ರುವಿದೆ. ಸೆಕೆಯೂ ತೇವವೂ ಕೂಡಿದಲ್ಲಿ ಆ ದ್ರವ್ಯವು ತಾನಾಗಿಯೇ ಒಡೆದು ಹುಳಿಯನ್ನು ಬಿಡುತ್ತದೆ. ಡಬ್ಬಿಯ ಮುಚ್ಚಳ ತೆಗೆದೊಡನೆ ವಿನೆಗರಿನ ಘಾಟು ಮೂಗಿಗೆ ಹೊಡೆಯುವುದು. ಹುಟ್ಟಿದ ಹುಳಿಯು ಇನ್ನಷ್ಟು ಹುಳಿಯನ್ನು ಹುಟ್ಟಿಸುವುದು. ಪಕ್ಕದ ಡಬ್ಬಿಗಳಿಗೂ ಹಬ್ಬುವುದು. ಒದ್ದೆಯ ಸೌಟು ತಾಗಿದ ಉಪ್ಪಿನಕಾಯಿಯ ಜಾಡಿಯನ್ನು ಕಂಡವರಿಗೆ ಇದನ್ನು ವಿವರಿಸಬೇಕಾದುದಿಲ್ಲ. ಪಟ್ಟಿಯು ಕುಗ್ಗಿ, ಸುರುಟಿ, ಕೊನೆಗೆ ಚಿತ್ರದ ಪೊರೆಯು ಕಳಚಿಬೀಳುವುದು. ಈ ರೋಗಕ್ಕೆ ಮದ್ದಿಲ್ಲ. ಒಣಗಿದ ತಣ್ಣನೆಯ ಕೋಣೆಯಲ್ಲಿಟ್ಟರೆ ನಡಿಗೆ ನಿಧಾನವಾಗುವುದು, ಅಷ್ಟೆ. ಆ ಅವಕಾಶದಲ್ಲಿ ಒಂದೊಂದೇ ಬಿಡಿಚಿತ್ರವನ್ನು ಯಂತ್ರದಿಂದ ನಕಲು ಮಾಡಿಕೊಳ್ಳಬೇಕು.

ಹಾಗಾದರೆ ಇದನ್ನು ಮಾಡಬೇಕಾದವರು ಯಾರು? ಸಾಧಾರಣ ಸಂಸಾರದಲ್ಲಿ ಇಂತಹ ವಸ್ತುವು ಅಜ್ಜಿಯ ಪೆಟ್ಟಿಗೆಯಲ್ಲಿ ಸೇರಿ, ತಾಯಿಯಿಂದ ಮಗಳಿಗೆ ಬರುವುದು. ಕಿಬ್ಬುತ್ಸಿನಲ್ಲಿ ಅಜ್ಜಿಗೆ ತನ್ನದೆಂಬ ಪೆಟ್ಟಿಗೆಯಿರಲಿಲ್ಲ. ಚಿತ್ರದಲ್ಲಿರುವ ಮಗುವು ಅವಳದಾದರೂ ಚಿತ್ರವು ಊರಿನದು. ೧೯೮೫ರಲ್ಲಿ ಇಸ್ರೇಲಿನ ಸರ್ಕಾರವು ಹಣದುಬ್ಬರವನ್ನು ತಡೆಯಲು ಬಿಗಿಯಾದ ಕ್ರಮಗಳನ್ನು ಕೈಕೊಂಡಾಗ, ಮೊದಲೇ ಸಾಲಮಾಡಿದ್ದ ಕಿಬ್ಬುತ್ಸ್‌ಗಳು ಬಡ್ಡಿಯ ಹೊರೆಯಲ್ಲಿ ಕುಸಿದವು. ಮುಂದಿನ ವರ್ಷಗಳಲ್ಲಿ ಒಂದಾದ ಮೇಲೊಂದು ಊರು ಹಳೆಯ ಪದ್ಧತಿಯನ್ನು ಬಿಟ್ಟು, ದುಡಿದವನಿಗೆ ಅವನವನ ಸಂಬಳ, ಇರುವವನಿಗೆ ಅವನವನ ಮನೆ ಎಂದು ಏರ್ಪಾಟು ಮಾಡಿಕೊಂಡಿತು. ೨೦೦೭ರಲ್ಲಿ ಆದಿಗ್ರಾಮವಾದ ದೆಗಾನಿಯವೂ ಅದೇ ದಾರಿಯನ್ನು ಹಿಡಿಯಿತು. ಅನೇಕ ಕಡೆ ಭೋಜನಶಾಲೆಗಳ ಬಾಗಿಲು ಮುಚ್ಚಿತು. ಇಂತಹ ಪಾಲಿನ ಹೊತ್ತಿನಲ್ಲಿ ಮನೆ, ಪಾಲುಬಂಡವಾಳ, ವೃದ್ಧರ ವೇತನ ಇವುಗಳ ಲೆಕ್ಕ ನಡೆಯುವುದು ಸಹಜ. ಹಳೆಯ ಸಭಾಶಾಲೆಯ ಮೂಲೆಯಲ್ಲಿರುವ ತುಕ್ಕುಹಿಡಿದ ಡಬ್ಬಿಗಳು ಯಾವ ಪಟ್ಟಿಗೆ ಸೇರಬೇಕು?

ಅವು ಪೂರ್ತಿಯಾಗಿ ಅನಾಥವಾದುವೆಂದು ಹೇಳಲಾಗದು. ಗಿವತ್ ಹವೀವಾ ಎಂಬಲ್ಲಿ ಯಾದ್ ಯಾರೀ, ರಮತ್ ಎಫಾಲ್ ಎಂಬಲ್ಲಿ ಯಾದ್ ತಬೆಂಕಿನ್ ಎಂಬ ದಾಖಲೆಯ ಸಂಸ್ಥೆಗಳು ಕಿಬ್ಬುತ್ಸ್ ಚಳವಳಿಯ ಕಾಗದಪತ್ರಗಳನ್ನು ಕಾಪಾಡಿಕೊಂಡು ಬಂದಿವೆ. ಲಿಯಾ ವಾನ್ ಲೀರ್ ಎಂಬ ಮಹಿಳೆಯು ಚಿತ್ರಗಳ ಮೇಲಿನ ಪ್ರೀತಿಯಿಂದ ಕೂಡಿಸತೊಡಗಿದ ಸಂಗ್ರಹವೇ ಬೆಳೆದು ಜೆರೂಸಲೇಮಿನಲ್ಲಿ ಇಸ್ರೇಲಿನ ಚಿತ್ರಭಂಡಾರವಾಗಿದೆ. ಅದಕ್ಕೆ ನೆಲೆಯಾದ ಸಿನೆಮಾಟೆಕ್ ೧೯೮೧ರಲ್ಲಿ ತೆರೆಯಿತು. ಅದೇ ನಗರದ ಹೀಬ್ರೂ ವಿಶ್ವವಿದ್ಯಾನಿಲಯದಲ್ಲಿ ಚಿತ್ರನಿರ್ದೇಶಕ ಸ್ಪೀಲ್‌ಬರ್ಗರ ಹೆಸರಿನ ಯೆಹೂದ್ಯ ಚಲಚ್ಚಿತ್ರ ಭಂಡಾರವಿದೆ. ಇವುಗಳ ಜೊತೆಗೆ ಎಷ್ಟೋ ಕಿಬ್ಬುತ್ಸ್‌ಗಳಲ್ಲಿ ಊರಿನದೇ ಆದ ದಾಖಲೆಯ ಕೋಣೆಯೊಂದಿರುವುದು. ಅದರ ಬೀಗದ ಕೈ ಸಾಮಾನ್ಯವಾಗಿ ವಯಸ್ಸಾದ ಸದಸ್ಯರೊಬ್ಬರ ಬಳಿಯಲ್ಲಿರುವುದು.

ನಮ್ಮ ಭೇಟಿಯಾದುದು ಅಂತಹ ಒಬ್ಬ ವೃದ್ಧೆಯೊಡನೆ. ಹನಿ ನೀರಾವರಿಯು ಇಂದು ನಮ್ಮ ರೈತರಿಗೆ ಹೊಸತಲ್ಲ. ಅದರ ಸಾಮಗ್ರಿಯನ್ನು ಮಾಡುವ ಪ್ರಸಿದ್ಧ ಕಾರ್ಖಾನೆಯು ೧೯೬೫ರಲ್ಲಿ ಮರುಭೂಮಿಯ ಅಂಚಿನ ಹಟ್ಸೆರೀಮ್ ಎಂಬ ಕಿಬ್ಬುತ್ಸಿನಲ್ಲಿ ಹುಟ್ಟಿತೆಂಬುದನ್ನು ಕೆಲವರಾದರೂ ಬಲ್ಲರು. ಆ ಬೇಸಾಯವನ್ನು ನೋಡಿ ಬರಲು ಹೊರಟ ತಂಡವೊಂದರೊಡನೆ ನಾವು ಕೆಲವು ವರ್ಷಗಳ ಹಿಂದೆ ಆ ದೇಶಕ್ಕೆ ಹೋಗಿದ್ದೆವು. ಜೆಜ್ರೀಲ್ ಕಣಿವೆಯ ಒಂದು ಕಿಬ್ಬುತ್ಸಿನಲ್ಲಿ ಉಳಿದ ದಿನ, ಮಧ್ಯಾಹ್ನದ ಬಿಸಿಲಿಗೆ ಹೊಲಕ್ಕೆ ಹೋಗಲಾರದೆ ನೆರಳನ್ನು ಹುಡುಕುತ್ತ ಹಳೆಯ ಭೋಜನಶಾಲೆಯ ಹಿಂಬದಿಗೆ ಬಂದಾಗ ಆಕೆಯ ಕೋಣೆ ಕಣ್ಣಿಗೆ ಬಿದ್ದಿತು. ಎಂಬತ್ತು ದಾಟಿದ ಹೆಂಗಸು. ಉಕ್ಕಿನ ಬೀರುವಿನಿಂದ ಒಂದೊಂದೇ ಡಬ್ಬಿಯನ್ನು ತೆಗೆದು, ಮುಚ್ಚಳವನ್ನು ಸಡಿಲಿಸಿ, ಮೂಗಿನ ಬಳಿ ಹಿಡಿದು, ಪುಸ್ತಕದಲ್ಲಿ ಏನನ್ನೋ ಗುರುತು ಹಾಕುತ್ತಿದ್ದರು. ಅಕ್ಕಿಯಲ್ಲಿ ಮುಗ್ಗು ಬಂದಿದೆಯೋ ಎಂದು ನೋಡುವ ನಮ್ಮ ಅತ್ತೆಯವರ ನೆನಪಾಯಿತು. ಡಬ್ಬಿಯೊಳಗೆ ನೀಲಿಯ ಕಾಗದದ ಚೂರೊಂದನ್ನಿಟ್ಟರೆ ಹುಳಿಯಿರುವಲ್ಲಿ ಅದು ಹಸಿರಾಗಿ, ಆಮೇಲೆ ಹಳದಿಯಾಗುವುದೆಂದೂ, ಆದರೆ ತಮ್ಮ ಮೂಗು ಕಾಗದಕ್ಕಿಂತ ಅಗ್ಗವೆಂದೂ ಆಕೆ ನಗುತ್ತ ಹೇಳಿದರು.

ಮಂಗಳವಾರದ ಸಂಜೆಗಳಲ್ಲಿ ಊರಿನ ಮೂವರು ನಾಲ್ವರು ಹಿರಿಯರು ಅಲ್ಲಿ ಕೂಡುವರಂತೆ. ಅಂದು ಮಂಗಳವಾರವೇ ಆಗಿದ್ದುದು ನಮ್ಮ ಭಾಗ್ಯ. ನಕಲಾಗಿ ಬಂದ ಚಿತ್ರವನ್ನು ಗಣಕಯಂತ್ರದ ಪರದೆಯ ಮೇಲೆ ಓಡಿಸುವುದು, ಮುಖ ಕಂಡಲ್ಲಿ ನಿಲ್ಲಿಸುವುದು, ಹೆಸರು ಹೇಳುವುದು, ಬರೆದುಕೊಳ್ಳುವುದು, ಇದೇ ಅವರ ಕೆಲಸ. ಬಿಳಿಯ ಟೊಪ್ಪಿಯ ಹುಡುಗಿಯೊಬ್ಬಳು ಬಕೆಟ್ಟು ಹಿಡಿದು ನಡೆಯುತ್ತಿದ್ದಳು. ಅವಳು ಅಕ್ಕನೋ ತಂಗಿಯೋ ಎಂಬುದರ ಮೇಲೆ ಇಬ್ಬರು ಮುದುಕರಿಗೆ ಹತ್ತು ನಿಮಿಷ ಜಗಳವಾಯಿತು. ಕೊನೆಗೆ ನಿರ್ಣಯವಾದುದು ನಡಿಗೆಯಿಂದ. “ಎಡಗಾಲು ಸ್ವಲ್ಪ ಹೊರಕ್ಕೆ ಹಾಕುತ್ತಾಳೆ ನೋಡಿ, ಇವಳು ತಂಗಿಯೇ” ಎಂದು ವೃದ್ಧೆಯು ತೀರ್ಪು ಕೊಟ್ಟರು. ನಮ್ಮ ಕಡೆ ತಿರುಗಿ, “ಫಿಲ್ಮು ಹಾಳಾಗುವುದಕ್ಕೆ ಇನ್ನೂ ಹತ್ತು ವರ್ಷ ಹಿಡಿಯಬಹುದು. ನಾವು ಅಷ್ಟು ದಿನ ಇರುತ್ತೇವೆಯೆ? ಎಡಗಾಲಿನ ವಿಷಯವನ್ನು ಆಗ ಯಾರು ಹೇಳುವರು?” ಎಂದು ಕೇಳಿದರು. ಆ ಪ್ರಶ್ನೆಗೆ ನಾವೇನು ಉತ್ತರ ಹೇಳಬಲ್ಲೆವು?

ಆಕೆಯ ಮಾತು ಅತಿಶಯೋಕ್ತಿಯಲ್ಲವೆಂಬುದಕ್ಕೆ ಯೂರೋಪಿನಿಂದ ಒಂದು ನಿದರ್ಶನ ಸಾಕು. ೧೯೩೮ರ ಬೇಸಗೆಯಲ್ಲಿ ಡೇವಿಡ್ ಕುರ್ಟ್ಸ್ ಎಂಬ ಅಮೆರಿಕದ ಗೃಹಸ್ಥರು ಪೋಲೆಂಡಿನ ನಾಶೆಲ್ಸ್ಕ್ ಎಂಬ ಚಿಕ್ಕ ಪಟ್ಟಣಕ್ಕೆ ಹೋಗಿ, ಅಲ್ಲಿನ ಯೆಹೂದ್ಯರ ಬೀದಿಯನ್ನು ೧೬ ಮಿಲಿಮೀಟರಿನ ಫಿಲ್ಮಿನಲ್ಲಿ ಸುಮಾರು ಮೂರು ನಿಮಿಷ ಹಿಡಿದಿದ್ದರು. ಆ ಪಟ್ಟಣದಲ್ಲಿದ್ದ ಸುಮಾರು ೩೦೦೦ ಯೆಹೂದ್ಯರಲ್ಲಿ ಮಹಾಯುದ್ಧದ ಕೊನೆಗೆ ಬದುಕಿ ಉಳಿದವರು ನೂರು ಮಂದಿಯೂ ಇಲ್ಲ. ೨೦೦೯ರಲ್ಲಿ ಅವರ ಮೊಮ್ಮಗ ಗ್ಲೆನ್ ಕುರ್ಟ್ಸ್ ಫ್ಲೋರಿಡಾದ ಮನೆಯೊಂದರ ಕಪಾಟಿನಲ್ಲಿ ಅದನ್ನು ಕಂಡಾಗ ಸುರುಳಿಯು ಕುಗ್ಗಿ ಅಂಟಿಕೊಂಡಿತ್ತು. ವಾಷಿಂಗ್ಟನ್ನಿನ ಸ್ಮಾರಕ ವಸ್ತುಸಂಗ್ರಹಾಲಯದವರು ಅದನ್ನು ಸರಿಪಡಿಸಿ ಜನರಿಗೆ ಕಾಣುವಂತೆ ಇಟ್ಟ ಮೇಲೆ, ಹೆಣ್ಣುಮಗಳೊಬ್ಬಳು ಗುಂಪಿನಲ್ಲಿದ್ದ ಹದಿಮೂರು ವರ್ಷದ ಬಾಲಕನ ಮುಖದಲ್ಲಿ ತನ್ನ ಅಜ್ಜನನ್ನು ಗುರುತಿಸಿದಳು. ಆ ಅಜ್ಜ ಇನ್ನೂ ಬದುಕಿದ್ದರು. ಚಿತ್ರವನ್ನು ನೋಡಿ ಕೆಲವರ ಹೆಸರುಗಳನ್ನು ಹೇಳಿದರು. ಅದುವರೆಗೆ ಗುಂಪಾಗಿದ್ದವರು ಅಂದಿನಿಂದ ಮನುಷ್ಯರಾದರು. ಆದರೆ ಹೆಸರು ದೊರೆತವರು ಕೆಲವರೇ; ಮಿಕ್ಕವರು ಇಂದಿಗೂ ನಗುತ್ತ ಹೆಸರಿಲ್ಲದೆ ನಿಂತಿದ್ದಾರೆ.

ಜೆಜ್ರೀಲ್ ಕಣಿವೆಯ ಆ ಕೋಣೆಯಲ್ಲಿ ನಾವು ಕಲಿತ ಇನ್ನೊಂದು ಪಾಠವು ಇದಕ್ಕಿಂತ ಸೂಕ್ಷ್ಮವಾದುದು. ಪರದೆಯ ಮೇಲೆ ಕಂಡುದೆಲ್ಲ ಹಗಲು, ಬಿಸಿಲು, ನಗೆ. ಎಷ್ಟು ಸುಖವಾದ ಬಾಲ್ಯವೆಂದು ನಾವು ಅಂದಾಗ ವೃದ್ಧೆಯು ಒಂದು ಕ್ಷಣ ಸುಮ್ಮನಿದ್ದು, “ಹೌದು, ಹಗಲು ಸುಖವಾಗಿಯೇ ಇತ್ತು. ಫಿಲ್ಮಿನಲ್ಲಿ ರಾತ್ರಿಯಿಲ್ಲ” ಎಂದರು. ಆ ಕಾಲದ ಫಿಲ್ಮಿಗೆ ಬೆಳಕು ಬಹಳ ಬೇಕಾಗಿತ್ತು. ಬಣ್ಣದ ಕೊಡಕ್ರೋಮ್ ೧೯೩೫ರಲ್ಲಿ ಬಂದಿತಾದರೂ ಅದು ಉರಿಬಿಸಿಲಿನಲ್ಲಿ ಚೆನ್ನಾಗಿ ಮೂಡುತ್ತಿತ್ತು. ಮನೆಯ ಸಾಧಾರಣ ದೀಪದ ಬೆಳಕಿಗೆ ದಕ್ಕುತ್ತಿರಲಿಲ್ಲ. ಆದುದರಿಂದ ಮಕ್ಕಳ ಮನೆಯ ಅಂಗಳವು ಚಿತ್ರದಲ್ಲಿದೆ, ಶಯನಗೃಹವಿಲ್ಲ. ಕತ್ತಲೆಯಲ್ಲಿ ನರಿಯ ಕೂಗಿಗೆ ಬೆದರಿ, ತಾಯಿಯ ಮನೆ ಇನ್ನೂರು ಗಜ ದೂರದಲ್ಲಿದ್ದರೂ ಹೋಗಲಾರದೆ, ರಾತ್ರಿಯ ಪಹರೆಯ ಹೆಂಗಸು ಸುತ್ತು ಬರುವವರೆಗೆ ಹೊದಿಕೆಯೊಳಗೆ ಅತ್ತ ಐದು ವರ್ಷದ ಹುಡುಗಿಯಿಲ್ಲ. ಆ ಹುಡುಗಿ ತಾವೇ ಎಂದು ಆಕೆ ಹೇಳಿದರು. ದೂರುವ ಧ್ವನಿಯಲ್ಲ, ಪುಸ್ತಕದಲ್ಲಿ ಇನ್ನೊಂದು ಹೆಸರನ್ನು ಬರೆಯುವಂತೆಯೇ.

ಇದನ್ನೇ ಲೋಕಕ್ಕೆ ತೋರಿಸಿಕೊಟ್ಟವರು ರಾನ್ ತಾಲ್ ಎಂಬ ನಿರ್ದೇಶಕರು. ಕಿಬ್ಬುತ್ಸಿನಲ್ಲಿಯೇ ಹುಟ್ಟಿ ಬೆಳೆದ ಅವರು ೨೦೦೭ರಲ್ಲಿ ‘ಸೂರ್ಯನ ಮಕ್ಕಳು’ ಎಂಬರ್ಥದ ಹೆಸರಿಟ್ಟು ಒಂದು ಚಿತ್ರವನ್ನು ಮಾಡಿದರು. ಅದರಲ್ಲಿ ಹೊಸದಾಗಿ ತೆಗೆದ ದೃಶ್ಯಗಳಿಲ್ಲ. ಕಣ್ಣಿಗೆ ಕಾಣುವುದು ಕಿಬ್ಬುತ್ಸ್‌ಗಳ ಹವ್ಯಾಸಿಗಳು ತೆಗೆದ ಹಳೆಯ ತುಣುಕುಗಳು. ಕಿವಿಗೆ ಕೇಳುವುದು ಆ ಕಾಲದಲ್ಲಿ ಮಕ್ಕಳಾಗಿದ್ದವರ ಇಂದಿನ ಧ್ವನಿ. ಚಿತ್ರವು ಹಗಲನ್ನು ಹೇಳುವುದು, ಧ್ವನಿಯು ರಾತ್ರಿಯನ್ನು ಹೇಳುವುದು. ಎರಡೂ ನಿಜ. ಕೆಲವರು ಆ ಬಾಲ್ಯವನ್ನು ಸ್ವರ್ಗವೆನ್ನುವರು, ಕೆಲವರು ಗಾಯವೆನ್ನುವರು. ಒಬ್ಬರೇ ಎರಡನ್ನೂ ಹೇಳುವುದೂ ಉಂಟು. ಧ್ವನಿಯಿಲ್ಲದೆ ಚಿತ್ರವನ್ನು ಮಾತ್ರ ಉಳಿಸಿದ್ದರೆ ಮುಂದಿನವರಿಗೆ ಅರ್ಧ ಸತ್ಯವು ದೊರೆಯುತ್ತಿತ್ತು. ಅರ್ಧ ಸತ್ಯವು ಅಂದವಾಗಿದ್ದಷ್ಟೂ ಅಪಾಯಕರ.

ಕಾಣದೆ ಹೋಗುವುದು ರಾತ್ರಿಯೊಂದೇ ಅಲ್ಲ. ಆ ಸಂಜೆ ಓಡಿದ ಸುರುಳಿಯೊಂದರಲ್ಲಿ, ಹುಲ್ಲಿನ ಗಾಡಿಯ ಹಿಂದೆ, ದಿಬ್ಬದ ಮೇಲೆ ಕಲ್ಲಿನ ಮನೆಗಳೂ ಒಲೆಯ ಹೊಗೆಯೂ ಕಂಡುವು. ಕ್ಯಾಮರಾದವನು ಅದನ್ನು ತೆಗೆಯಬೇಕೆಂದು ತೆಗೆದವನಲ್ಲ. ಗಾಡಿಯ ಹಿಂದೆ ಅದು ತಾನಾಗಿ ಇತ್ತು. “ಅದು ಅರಬರ ಹಳ್ಳಿ. ೧೯೪೮ರ ನಂತರ ಅಲ್ಲಿ ಯಾರೂ ಇಲ್ಲ” ಎಂದು ಒಬ್ಬ ಮುದುಕರು ಮೆಲ್ಲನೆ ಹೇಳಿದರು. ಆ ವರ್ಷದ ಯುದ್ಧದಲ್ಲಿ ನಾನೂರಕ್ಕಿಂತ ಹೆಚ್ಚು ಅರಬ್ ಹಳ್ಳಿಗಳು ಬರಿದಾದುವೆಂಬುದು ಚರಿತ್ರೆ. ವೃದ್ಧೆಯು ಹಳ್ಳಿಯ ಹೆಸರನ್ನು ಕೇಳಿ, ಗಾಡಿ ಹೊಡೆಯುವವನ ಹೆಸರಿನ ಕೆಳಗೇ ಅದನ್ನೂ ಬರೆದುಕೊಂಡರು. ಬೇಕೇ ಎಂದು ಇನ್ನೊಬ್ಬರು ಅನುಮಾನಿಸಿದಾಗ, “ಚಿತ್ರದಲ್ಲಿ ಇದೆಯಲ್ಲ, ಇದ್ದುದನ್ನು ಬರೆಯುವುದು ನನ್ನ ಕೆಲಸ” ಎಂದುಬಿಟ್ಟರು. ಕಾಪಾಡುವವರ ಧರ್ಮವನ್ನು ಇದಕ್ಕಿಂತ ಚಿಕ್ಕದಾಗಿ ಹೇಳಿದುದನ್ನು ನಾವು ಕೇಳಿಲ್ಲ. ತನಗೆ ಹಿತವಾದುದನ್ನು ಮಾತ್ರ ಉಳಿಸುವವನು ಭಂಡಾರಿಯಲ್ಲ, ಅಲಂಕಾರಿಕ.

ಇಷ್ಟೆಲ್ಲ ಶ್ರಮವು ಕೆಲವು ನಿಮಿಷಗಳ ಮಸುಕು ಚಿತ್ರಕ್ಕೆ ತಕ್ಕುದೇ ಎಂದು ವಾಚಕರು ಕೇಳಬಹುದು. ಅದೇ ಕಣಿವೆಯಲ್ಲಿ ಬೇಟ್ ಹಶಿತಾ ಎಂಬ ಕಿಬ್ಬುತ್ಸಿದೆ. ೧೯೭೩ರ ಅಕ್ಟೋಬರಿನ ಯುದ್ಧದಲ್ಲಿ ಆ ಸಣ್ಣ ಊರೊಂದೇ ೧೧ ಮಂದಿಯನ್ನು ಕಳೆದುಕೊಂಡಿತು. ಅಂತಹ ಊರಿನಲ್ಲಿ, ಹಳೆಯ ಸುರುಳಿಯಲ್ಲಿ ಓಡಿಬರುವ ಬಾಲಕನ ಐದು ಸೆಕೆಂಡಿಗೆ ಬೆಲೆ ಕಟ್ಟುವವರಾರು? ೨೦೨೩ರ ಅಕ್ಟೋಬರ್ ೭ರಂದು ಗಾಜಾದ ಗಡಿಯ ಬೆಏರಿ, ನಿರ್ ಓಝ್, ಕ್ಫರ್ ಅಝಾ ಮೊದಲಾದ ಕಿಬ್ಬುತ್ಸ್‌ಗಳ ಮೇಲೆ ಹಮಾಸಿನವರು ಬಿದ್ದು ಜನರನ್ನು ಕೊಂದು, ಒತ್ತೆಯಾಗಿ ಹಿಡಿದೊಯ್ದು, ಮನೆಗಳಿಗೆ ಬೆಂಕಿಯಿಟ್ಟರು; ಬೆಏರಿಯ ಚಿತ್ರಶಾಲೆಯೂ ಸುಟ್ಟುಹೋಯಿತು. ಅದರ ಬೆನ್ನಿಗೆ ನಡೆದ ಯುದ್ಧದಲ್ಲಿ ಗಾಜಾದಲ್ಲಿ ಹತ್ತಾರು ಸಾವಿರ ಜನರು ಸತ್ತರು. ಊರಿಗೆ ಊರೇ ನೆಲಸಮವಾಗಿ, ಮನೆಗಳೊಂದಿಗೆ ಮನೆಯ ಭಾವಚಿತ್ರಗಳೂ ಮಣ್ಣಾದವು. ಇದಕ್ಕೂ ಮುಂಚೆ, ೧೯೮೨ರ ಬೈರೂತ್ ಮುತ್ತಿಗೆಯ ಕಾಲದಲ್ಲಿ, ಪ್ಯಾಲೆಸ್ಟೈನಿನವರು ಕೂಡಿಸಿಟ್ಟಿದ್ದ ಚಲಚ್ಚಿತ್ರಗಳ ಭಂಡಾರವು ಕಾಣೆಯಾಯಿತು. ಬೆಂಕಿಗೂ ಗುಂಡಿಗೂ ಇದು ಯಾರ ಬಾಲ್ಯವೆಂಬ ಭೇದವಿಲ್ಲ. ಒಂದೇ ಪ್ರತಿಯುಳ್ಳ ವಸ್ತುವು ಒಂದೇ ಮನೆಯಲ್ಲಿರಬಾರದೆಂಬುದನ್ನು ಎರಡೂ ಕಡೆಯವರೂ ಕಣ್ಣೀರಿನಿಂದ ಕಲಿತಿದ್ದಾರೆ.

ನಕಲು ಮಾಡಿಸಿದೊಡನೆ ಕೆಲಸ ಮುಗಿಯಿತೆಂದು ತಿಳಿಯುವುದೂ ತಪ್ಪು. ಹಳೆಯ ಮೂಕಚಿತ್ರಗಳಲ್ಲಿ ಜನರು ಬೊಂಬೆಗಳಂತೆ ಕುಣಿದು ಓಡುವುದನ್ನು ನೋಡಿ ನಾವೆಲ್ಲ ನಕ್ಕಿರುವೆವು. ಅವರು ಹಾಗೆ ನಡೆದವರಲ್ಲ. ಸೆಕೆಂಡಿಗೆ ೧೬ರಂತೆ ತೆಗೆದ ಚಿತ್ರವನ್ನು ೨೪ರಂತೆ ಓಡಿಸುವುದರ ಫಲವದು. ತಂಗಿಯ ಎಡಗಾಲಿನ ನಡಿಗೆ ಉಳಿಯಬೇಕಾದರೆ ವೇಗವೂ ಸರಿಯಾಗಿ ಉಳಿಯಬೇಕು. ಗಣಕದ ಪ್ರತಿಗೂ ಆಯುಸ್ಸಿದೆ; ಕೆಲವು ವರ್ಷಗಳಿಗೊಮ್ಮೆ ಅದನ್ನು ಹೊಸ ಸಾಧನಕ್ಕೆ ಸಾಗಿಸುತ್ತಿರಬೇಕು. ತಂಪಿನಲ್ಲಿಟ್ಟ ಮೂಲ ಫಿಲ್ಮು ಅಂತಹ ಎಷ್ಟೋ ಸಾಧನಗಳಿಗಿಂತ ಹೆಚ್ಚು ಕಾಲ ಬಾಳುವುದು. ಆದುದರಿಂದ ನಕಲು ಬಂದಿತೆಂದು ಮೂಲವನ್ನು ಕಸಕ್ಕೆ ಹಾಕಲಾಗದು.

ಊರಿಗೆ ಹಿಂದಿರುಗಿದ ಮೇಲೆ ನಮಗೆ ನಮ್ಮ ಮನೆಯ ಕಡೆಗೇ ಗಮನ ಹರಿಯಿತು. ಮಲೆನಾಡಿನ ನಮ್ಮ ಮನೆತನದಲ್ಲಿ ಒಂದು ಕಾಲಕ್ಕೆ ಇಪ್ಪತ್ತಾರು ಎಲೆ ಬೀಳುತ್ತಿದ್ದುವು. ೧೯೬೦ರ ದಶಕದಲ್ಲಿ ದೊಡ್ಡಪ್ಪನವರು ಎಲ್ಲಿಂದಲೋ ತಂದ ೮ ಮಿಲಿಮೀಟರಿನ ಕ್ಯಾಮರಾದಿಂದ ಅಡಕೆಯ ಸುಲಿತವನ್ನೂ ಒಂದು ಉಪನಯನವನ್ನೂ ತೆಗೆದಿದ್ದರು. ಮುಂದೆ ಮನೆ ಪಾಲಾದಾಗ ಪಾಲುಪಟ್ಟಿಯಲ್ಲಿ ಕೊಪ್ಪರ್ಗೆ, ಹಂಡೆ, ಸೌಟುಗಳವರೆಗೆ ಎಲ್ಲವೂ ಬರೆಯಲ್ಪಟ್ಟಿತು; ಆ ಮೂರು ಸುರುಳಿಗಳು ಮಾತ್ರ ಯಾರ ಪಾಲಿಗೂ ಬರಲಿಲ್ಲ. ಯಾರೂ ಬೇಡವೆನ್ನಲಿಲ್ಲ, ಯಾರೂ ಬೇಕೆನ್ನಲೂ ಇಲ್ಲ. ಅವುಗಳನ್ನು ಅಟ್ಟದಿಂದ ಇಳಿಸಿದಾಗ ಎರಡರಲ್ಲಿ ಹುಳಿಯ ವಾಸನೆಯಿತ್ತು. ಮೂರನೆಯದರಿಂದ ಎರಡು ನಿಮಿಷದಷ್ಟು ಚಿತ್ರವು ದಕ್ಕಿತು. ಎಂಬತ್ತೆಂಟು ವರ್ಷದ ಚಿಕ್ಕಮ್ಮನವರನ್ನು ಮುಂದೆ ಕೂಡಿಸಿಕೊಂಡು ನೋಡಿದೆವು. ಒಲೆಯ ಮನೆಯ ಬಾಗಿಲಲ್ಲಿ ಸೆರಗಿನಿಂದ ಮುಖ ಮುಚ್ಚಿಕೊಂಡು ಒಳಗೆ ಸರಿಯುವ ಹೆಂಗಸೊಬ್ಬಳನ್ನು ಕಂಡು, “ಇವಳು ನಮ್ಮ ಸುಬ್ಬಕ್ಕ ಕಣೋ. ಮದುವೆಯಾದ ವರ್ಷವೇ ಗಂಡ ಹೋದ. ಈ ಮನೆಯ ಊಟವನ್ನೆಲ್ಲ ಬೇಯಿಸಿದವಳು ಇವಳೇ” ಎಂದರು. ಮನೆಯ ಯಾವ ಭಾವಚಿತ್ರದಲ್ಲಿಯೂ ಆಕೆಯಿಲ್ಲ. ಇಪ್ಪತ್ತಾರು ಎಲೆಗಳಿಗೆ ಬಡಿಸಿದವಳ ಸಾಕ್ಷಿಯಾಗಿ ಉಳಿದುದು ಆ ಎರಡು ಸೆಕೆಂಡು, ಅದರ ಪಕ್ಕದಲ್ಲಿ ಚಿಕ್ಕಮ್ಮನವರ ಒಂದು ಮಾತು. ಮಾತಿಲ್ಲದಿದ್ದರೆ ಅದು ಬರಿಯ ಸೆರಗು.

ಕಿಬ್ಬುತ್ಸಿನವರ ಬಾಳನ್ನು ನಾವು ಹೊಗಳಬೇಕೆಂದಾಗಲಿ ತೆಗಳಬೇಕೆಂದಾಗಲಿ ಇದನ್ನು ಬರೆದುದಲ್ಲ. ಒಂದು ನೂರು ವರ್ಷ ಲಕ್ಷಕ್ಕೂ ಹೆಚ್ಚು ಜನರು ತಮ್ಮದೆಂಬುದನ್ನು ಬಿಟ್ಟು ಬಾಳಲು ಯತ್ನಿಸಿದರು. ಅದರ ಸುಖವೂ ನೋವೂ ಅವರಿಗೆ ಗೊತ್ತು. ಆ ಯತ್ನದ ಬಹುಭಾಗ ಈಗ ಮುಗಿದಿದೆ. ಅದರ ಮುಖವನ್ನು ಮುಂದಿನವರು ಕಾಣಬೇಕಾದರೆ ಬೀರುವಿನಲ್ಲಿ ತಂಪೂ ಬೇಕು, ಬೀರುವಿನ ಮುಂದೆ ನೆನಪುಳ್ಳ ಮನುಷ್ಯನೂ ಬೇಕು. ಮೊದಲನೆಯದನ್ನು ಹಣದಿಂದ ಕೊಳ್ಳಬಹುದು. ಎರಡನೆಯದಕ್ಕೆ ಕಾಲದ ಮಿತಿಯಿದೆ.

ವಾಚಕರ ಮನೆಗಳಲ್ಲಿಯೂ ಇಂತಹ ಸುರುಳಿಯೋ, ಮದುವೆಯ ಹಳೆಯ ವಿಡಿಯೋ ಪಟ್ಟಿಯೋ, ಹೆಸರು ಬರೆಯದ ಭಾವಚಿತ್ರಗಳ ಕಟ್ಟೋ ಇರಬಹುದು. ಹಳೆಯ ಫಿಲ್ಮನ್ನು ಹಳೆಯ ಯಂತ್ರಕ್ಕೆ ಹಾಕಿ ಓಡಿಸಬೇಡಿರಿ. ಕುಗ್ಗಿದ ಪಟ್ಟಿಯನ್ನು ಅದರ ಹಲ್ಲುಗಳು ಹರಿದುಬಿಡುವುವು. ಹುಳಿಯ ವಾಸನೆ ಬಂದುದನ್ನು ಬೇರೆಯಾಗಿಡಿರಿ. ನಕಲು ಮಾಡಿಸುವುದಕ್ಕೆ ಹಣ ಒದಗುವವರೆಗೆ ಕಾಯಬೇಕಾದರೂ ಒಂದು ಕೆಲಸವನ್ನು ಕಾಯಿಸಬೇಡಿರಿ. ಮನೆಯ ಹಿರಿಯರನ್ನು ಒಂದು ಸಂಜೆ ಪಕ್ಕದಲ್ಲಿ ಕೂಡಿಸಿಕೊಂಡು, ಇವರು ಯಾರೆಂದು ಕೇಳಿ, ಅವರು ಹೇಳಿದುದನ್ನು ಅವರ ಮಾತಿನಲ್ಲಿಯೇ ಬರೆದಿಡಿರಿ. ಹಿತವಾದುದನ್ನೂ ಬರೆಯಿರಿ, ಹಿತವಲ್ಲದುದನ್ನೂ ಬರೆಯಿರಿ. ಅದಕ್ಕೆ ಬೇಕಾದುದು ಒಂದು ನೋಟುಪುಸ್ತಕ, ಒಂದು ಲೇಖನಿ, ಮನೆಯಲ್ಲಿ ಯಾರಾದರೊಬ್ಬರ ಒಂದಿಷ್ಟು ತಾಳ್ಮೆ.